ಹಿತ್ತಲಿಗೆ ಬಂದ ಕಂದು ಚಿಟ್ಟೆ

ಫೆಬ್ರವರಿ ೧೧

ಚುಕ್ಕಿಗೆ,

ಕ್ಷೇಮಸಮಾಚಾರವನ್ನೆಲ್ಲ ನಿನ್ನ ಅತ್ತೆ ಫೋನಿನಲ್ಲಿ ಒಪ್ಪಿಸಿ ಆಗಿರುತ್ತದೆ. ನಾನು ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಹಿತ್ತಲಲ್ಲಿ, ಬರೆದ ಬೋರ್ಡುಗಳನ್ನು ಒಣಗಲು ನಿಲ್ಲಿಸುವ ಜಾಗದಲ್ಲಿ, ಒಂದು ಹೊಸ ಚಿಟ್ಟೆ ಬಂದಿದೆ. ಹೊಸದು ಅಂದರೆ ನನಗೆ ಹೊಸದು ಅಂತಲ್ಲ, ಲೋಕಕ್ಕೇ ಹೊಸದು ಅಂತ ನನ್ನ ಲೆಕ್ಕ. ನೀನು ಮ್ಯೂಸಿಯಮ್ಮಿನಲ್ಲಿ ಕೂತು ದಿನವಿಡೀ ಸತ್ತ ಚಿಟ್ಟೆಗಳ ಮುಖ ನೋಡುವವಳು, ಒಂದು ಜೀವಂತ ಚಿಟ್ಟೆಯ ಸುದ್ದಿ ನಿನಗೂ ಒಳ್ಳೆಯದೇ.

ಅಗಲ ಸುಮಾರು ಒಂದು ಬೆಂಕಿಪೆಟ್ಟಿಗೆಯಷ್ಟು. ಮಧ್ಯಾಹ್ನ ನೆಲ ಕಾದಿರುವಾಗ ರೆಕ್ಕೆಗಳನ್ನು ಪೂರ್ತಿ ಹರವಿಕೊಂಡು ಕೂರುತ್ತದೆ. ಮುಂದಿನ ರೆಕ್ಕೆ ಕಪ್ಪು, ತುದಿಯಲ್ಲಿ ಮಾಸಲು ಬಿಳಿ ಪಟ್ಟಿ. ಹಿಂದಿನ ರೆಕ್ಕೆ ಒಂಥರಾ ಕಂದು. ಅಲ್ಲಲ್ಲಿ ಕಿತ್ತಳೆ ಅಂಚಿನ, ಕಣ್ಣಿನಂಥ ಬೊಟ್ಟುಗಳು. ಹತ್ತಿರ ಹೋದರೆ ಎದ್ದು ಹೋಯಿತು, ಹಾಗಾಗಿ ಇದಕ್ಕಿಂತ ಹೆಚ್ಚು ಕೇಳಬೇಡ. ಫೋಟೋ ತೆಗೆಯುವ ಫೋನು ನನ್ನ ಹತ್ತಿರ ಇಲ್ಲ. ಇದ್ದರೂ ಬಣ್ಣದ ವಿಷಯದಲ್ಲಿ ಅದನ್ನು ನಂಬುವವನು ನಾನಲ್ಲ.

ಇನ್ನೊಂದು ಸುದ್ದಿ. ಹೊಸ ಗ್ರಂಥಾಲಯದ ಹೊರಗೋಡೆಗೆ ಹೆಸರು ಬರೆಯುವ ಕೆಲಸ ನನಗೇ ಸಿಕ್ಕಿದೆ. ಆಳುದ್ದದ ಅಕ್ಷರಗಳು, ಜೂನಿನಲ್ಲಿ ಶುರು. ಪ್ಲಾಸ್ಟಿಕ್ಕಿನ ಮೇಲೆ ಮೆಷಿನ್ನಿನಲ್ಲಿ ಅಚ್ಚು ಹಾಕುವವರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು, ಕಮಿಟಿಯವರು ಕೈಯಲ್ಲೇ ಬರೆಸಬೇಕು ಅಂದರಂತೆ. ಈ ಊರಲ್ಲಿ ಕೈ ಅಂದರೆ ಯಾರ ಕೈ ಅಂತ ನಿನಗೆ ಗೊತ್ತು.

ಚಿಟ್ಟೆ ಹೊಸದು ಅಂತ ಒಂದು ಸಾಲು ಬರೆದು ಕಳಿಸು, ಸಾಕು.

ನಿನ್ನ ಮಾವ

*

ಫೆಬ್ರವರಿ ೨೦

ಮಾವನಿಗೆ,

ಆ ಒಂದು ಸಾಲು ಬರೆಯಲು ನನಗೆ ಆಸೆಯೇ, ಆದರೆ ಕೆಲಸ ಹೋಗುತ್ತದೆ. ಚಿಟ್ಟೆ ನೋಡಿದೆ, ಯಾವುದು ಹೇಳಿ ಅಂತ ಇಲ್ಲಿಗೆ ಬರುವ ಕಾಗದಗಳಿಗೆ ಉತ್ತರ ಬರೆಯುವುದು ನನ್ನ ಪಾಲಿನ ಕೆಲಸ. ಕಳೆದ ವಾರ ಒಬ್ಬರು ಬರೆದಿದ್ದರು: ಚಿಟ್ಟೆ ಹಾರುತ್ತಿತ್ತು, ಬಹಳ ಚೆನ್ನಾಗಿತ್ತು, ದಯವಿಟ್ಟು ಹೆಸರು ತಿಳಿಸಿ. ಇನ್ನೊಬ್ಬರು ಪತಂಗ ಅಂತ ಪೆಟ್ಟಿಗೆಯಲ್ಲಿ ಒಣಗಿದ ಎಲೆ ಕಳಿಸಿದ್ದರು. ಅವರಿಗೆಲ್ಲ ತಾಳ್ಮೆಯಿಂದ ಬರೆಯುತ್ತೇನೆ. ನಿಮ್ಮ ಕಾಗದ ಓದಿದಾಗ ಮಾತ್ರ ತಾಳ್ಮೆ ಹೋಯಿತು.

ಒಂಥರಾ ಕಂದು! ಮಾವ, ಇದನ್ನು ಬರೆದದ್ದು ನೀವೇ ಹೌದಾ? ಅಮ್ಮ ಕೆಲಸಕ್ಕೆ ಹೋಗುವಾಗ ನನ್ನನ್ನು ನಿಮ್ಮ ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ, ನಾನು ಒಂಥರಾ ಹಸಿರು ಅಂದಾಗಲೆಲ್ಲ ಕಿವಿ ಹಿಂಡುತ್ತಿದ್ದವರು ಯಾರು? "ಒಂಥರಾ ಅನ್ನೋ ಬಣ್ಣದ ಡಬ್ಬ ಯಾವ ಅಂಗಡೀಲೂ ಸಿಗಲ್ಲ. ಏನಕ್ಕೆ ಏನು ಕಲೆಸಿದರೆ ಅದು ಬರುತ್ತೆ, ಅದನ್ನ ಹೇಳು." ಇವತ್ತು ಈ ಮ್ಯೂಸಿಯಮ್ಮಿನಲ್ಲಿ ಬಣ್ಣ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದರೆ ಅದು ನನ್ನ ಕಿವಿಯ ಪುಣ್ಯ.

ಇರಲಿ. ನೀವು ಹೇಳಿದ ಕೂರುವ ರೀತಿ, ಕಿತ್ತಳೆ ಅಂಚಿನ ಕಣ್ಣು, ಇದನ್ನೆಲ್ಲ ನೋಡಿದರೆ ಅದು ಪ್ಯಾನ್ಸಿ ಅನ್ನುವ ಗುಂಪಿನದು. ಆ ಗುಂಪಿನಲ್ಲಿ ಕಂದು ಬಣ್ಣದವು ಇವೆ. ಕೆಲವು ಜಾತಿಗಳಲ್ಲಿ ಹೆಣ್ಣು ಮಾತ್ರ ಕಂದು. ಆದ್ದರಿಂದ ಲೋಕಕ್ಕೇ ಹೊಸದು ಅನ್ನುವುದನ್ನು ಸದ್ಯಕ್ಕೆ ಕಟ್ಟಿಡಿ. ಬದಲಿಗೆ ಇಷ್ಟು ಹೇಳಿ: ಅದು ಎದ್ದು ಹೋದ ಮೇಲೆ ಮತ್ತೆ ಅದೇ ಜಾಗಕ್ಕೆ ಬರುತ್ತದೋ? ಬೇರೆ ಚಿಟ್ಟೆ ಬಂದರೆ ಏನು ಮಾಡುತ್ತದೆ? ಕಂದು ಅಂದರೆ ಯಾವ ಕಂದು?

ಮುಂದಿನ ಸಲ ಅತ್ತೆ ಫೋನು ಮಾಡಿದಾಗ ನೀವು ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ.

ಚುಕ್ಕಿ

*

ಮಾರ್ಚ್ ೬

ಚುಕ್ಕಿಗೆ,

ಓದು ಹೆಚ್ಚಾದರೆ ಬಾಯಿಯೂ ಹೆಚ್ಚಾಗುತ್ತದೆ ಅಂತ ನಿನ್ನ ಅಮ್ಮನಿಗೆ ಆಗಲೇ ಹೇಳಿದ್ದೆ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ, ತಗೋ.

ಈ ಚಿಟ್ಟೆ ಶುದ್ಧ ರೌಡಿ. ಹಿತ್ತಲಿನ ಆ ಬರಿನೆಲ ತನ್ನಪ್ಪನ ಆಸ್ತಿ ಅಂದುಕೊಂಡಿದೆ. ಬೇರೆ ಚಿಟ್ಟೆ ಬಂದರೆ ಅಟ್ಟಿಸಿಕೊಂಡು ಹೋಗಿ ಬೇಲಿ ದಾಟಿಸಿ ಬರುತ್ತದೆ. ಜೀರುಂಡೆಯನ್ನೂ ಬಿಡುವುದಿಲ್ಲ. ನಿನ್ನ ಅತ್ತೆ ಗುಡಿಸುವಾಗ ಹಾರಿದ ಕಾಗದದ ಚೂರನ್ನೂ ಅಟ್ಟಿತು. ಎಲ್ಲ ಮುಗಿಸಿ ಮತ್ತೆ ಅದೇ ಜಾಗ, ಅದೇ ಕಲ್ಲಿನ ಪಕ್ಕ, ರೆಕ್ಕೆ ಹರವಿ ಮೆರೆಯುತ್ತದೆ.

ಯಾವ ಕಂದು ಅಂತ ಕೇಳಿದೆಯಲ್ಲ, ಬಾಯಲ್ಲಿ ಹೇಳುವ ಬದಲು ಬರೆದೇ ಕಳಿಸಿದ್ದೇನೆ. ಹಲಗೆಯ ಚೂರನ್ನು ತೊಡೆಯ ಮೇಲಿಟ್ಟುಕೊಂಡು, ಡಬ್ಬಗಳನ್ನು ಹಿತ್ತಲಿಗೇ ತಂದು, ಅದು ಎದುರಿಗೆ ಕೂತಾಗ ಸ್ವಲ್ಪ, ಬಂದಾಗ ಸ್ವಲ್ಪ, ಹೀಗೆ ಬರೆದೆ. ನೆನಪಿನಿಂದ ಒಂದು ಗೀಟೂ ಇಲ್ಲ. ಹಿಂದಿನ ರೆಕ್ಕೆಗೆ ಕಂದು, ಅದಕ್ಕೆ ಒಂದು ತೊಟ್ಟು ಕಪ್ಪು. ರೆಕ್ಕೆಗೂ ಕುಂಚಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲದ ಹಾಗೆ ಹೊಂದಿಸಿದ್ದೇನೆ. ಈಗ ಹೇಳು, ಚಿಟ್ಟೆ ಜೋಡಿಸಿಟ್ಟ ನಿನ್ನ ಯಾವ ಡ್ರಾಯರಿನಲ್ಲಿ ಇದು ಇದೆ?

ನನ್ನ ಕಣ್ಣಿನ ಬಗ್ಗೆ ನಿನಗೇನಾದರೂ ಅನುಮಾನವಿದ್ದರೆ ಬಿಟ್ಟುಬಿಡು. ನಿನ್ನ ಅತ್ತೆಯ ಕಾಟಕ್ಕೆ ಕನ್ನಡಕದ ಅಂಗಡಿಗೆ ಹೋಗಿದ್ದೆ. ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಮೇಲಿನ ದೊಡ್ಡ ಸಾಲಿನಿಂದ ಕೆಳಗಿನ ಇರುವೆಯಂಥ ಸಾಲಿನವರೆಗೆ ನಿಲ್ಲಿಸದೆ ಓದಿದೆ. ಅಂಗಡಿಯವನು ದಂಗಾಗಿ, ಈ ವಯಸ್ಸಿನಲ್ಲಿ ಇಂಥ ಕಣ್ಣು ನೋಡಿಲ್ಲ ಅಂದ. ಆ ಹಲಗೆ ಬರೆದುಕೊಟ್ಟವನೇ ನಾನು, ನನಗೆ ಬಾರದೆ ಇನ್ಯಾರಿಗೆ ಬರಬೇಕು?

ಕಾಣದೆ ಇರುವುದು ಶೂ ಅಂಗಡಿಯವನಿಗೆ. ಬರೆದುಕೊಟ್ಟ ಬೋರ್ಡನ್ನು ವಾಪಸು ತಂದಿಟ್ಟು ಹೋಗಿದ್ದಾನೆ. ನಾನು ಹೇಳಿದ ಬಣ್ಣ ಇದಲ್ಲ ಅಂತ ತಗಾದೆ. ಚರ್ಮದ ಬಣ್ಣ ಬೇಕು ಅಂದ, ಚರ್ಮದ ಬಣ್ಣ ಕೊಟ್ಟೆ. ಅವನ ಜೊತೆ ಮಾತು ಬಿಟ್ಟಿದ್ದೇನೆ.

ನಿನ್ನ ಮಾವ, ಬೋರ್ಡು ಬರೆಯುವವನು

*

ಮಾರ್ಚ್ ೧೬

ಅತ್ತೆಗೆ,

ಈ ಕಾಗದ ನಿಮಗೆ ಮಾತ್ರ. ಫೋನಿನಲ್ಲಿ ಕೇಳಿದರೆ ಮಾವ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಪಕ್ಕದ ಮನೆಯ ವಿಳಾಸಕ್ಕೆ ಹಾಕಿದ್ದೇನೆ.

ಮಾವ ಬರೆದ ಚಿಟ್ಟೆಯ ಚಿತ್ರ ನನ್ನ ಮೇಜಿನ ಮೇಲಿದೆ. ಎಷ್ಟು ಚೆನ್ನಾಗಿದೆ ಅಂದರೆ ನಮ್ಮ ದೊಡ್ಡ ಅಧಿಕಾರಿ ಬಂದು ನೋಡಿ ಹೋದರು. ನಾನು ಮಾತ್ರ ಅದನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ದಯವಿಟ್ಟು ಒಂದು ಕೆಲಸ ಮಾಡಿ. ಶೂ ಅಂಗಡಿಯವರು ವಾಪಸು ತಂದಿಟ್ಟ ಬೋರ್ಡನ್ನು ಬೆಳಕಿನಲ್ಲಿ ನೋಡಿ, ಅಕ್ಷರಗಳು ಯಾವ ಬಣ್ಣ ಅಂತ ಬರೆಯಿರಿ. ನಿಮ್ಮ ಕಣ್ಣಿಗೆ ಕಂಡ ಹಾಗೆ. ಮಾವ ಏನು ಅಂತಾರೆ ಅನ್ನುವುದು ಬೇಡ.

ಚುಕ್ಕಿ

*

ಮಾರ್ಚ್ ೨೪

ಚುಕ್ಕಿ,

ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನೀಲಿ ಕಣೇ. ಬೆಳಕಲ್ಲೂ ನೀಲಿ, ನೆರಳಲ್ಲೂ ನೀಲಿ. ಬೋರ್ಡು ಒಣಗಲು ಇಟ್ಟ ದಿನವೇ ನಾನು ನೋಡಿದ್ದೆ. ಶೂ ಅಂಗಡಿಯವರು ನೀಲಿ ಕೇಳಿರಬೇಕು ಅಂದುಕೊಂಡು ಸುಮ್ಮನಾದೆ. ಅವರು ಬಂದು ಗಲಾಟೆ ಮಾಡಿದಾಗ ಅರ್ಥವಾಯಿತು. ಇವರು ಆಗ ಅವರಿಗೆ ಕಣ್ಣಿನ ಆಸ್ಪತ್ರೆಯ ದಾರಿ ತೋರಿಸುತ್ತಿದ್ದರು, ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನಾನು ಗಮನಿಸಿದ್ದು ಇನ್ನೂ ಇದೆ. ಒಮ್ಮೆ ಕಪಾಟು ಒರೆಸುವಾಗ ಡಬ್ಬಗಳ ಜಾಗ ಬದಲಾಯಿಸಿದ್ದಕ್ಕೆ ಮದುವೆಯಾದಾಗಿನಿಂದ ಕೇಳದ ಬೈಗುಳ ಕೇಳಿದೆ. ಮುಚ್ಚಳಕ್ಕೆಲ್ಲ ಬಣ್ಣ ಮೆತ್ತಿ ಹೆಸರು ಕಾಣುವುದಿಲ್ಲ, ಯಾವುದು ಎಲ್ಲಿ ಅನ್ನುವುದು ಇವರಿಗೆ ಕೈಲೆಕ್ಕ. ನಾನು ಮತ್ತೆ ಜೋಡಿಸುವಾಗ ಎರಡು ಡಬ್ಬ ಅದಲುಬದಲಾಗಿರಬೇಕು. ಮೊದಲಾಗಿದ್ದರೆ ಮುಚ್ಚಳ ತೆಗೆದ ಕೂಡಲೇ ಇವರಿಗೆ ಗೊತ್ತಾಗುತ್ತಿತ್ತು. ಮೆಟ್ಟಿಲು ಇಳಿಯುವಾಗ ಕಾಲಲ್ಲಿ ತಡವಿ ಇಳಿಯುತ್ತಾರೆ. ಎದುರಿಗೆ ಗಾಡಿಯ ದೀಪ ಬಂದರೆ ನಿಂತುಬಿಡುತ್ತಾರೆ.

ಈ ಮನುಷ್ಯ ಜೂನಿನಲ್ಲಿ ಗ್ರಂಥಾಲಯದ ಗೋಡೆಗೆ ಏಣಿ ಹಾಕುತ್ತಾರೆ. ನೆನೆಸಿಕೊಂಡರೆ ನನಗೆ ಊಟ ಸೇರುವುದಿಲ್ಲ. ನಾನು ಹೇಳಿದರೆ ವಾರಗಟ್ಟಲೆ ಮನೆಯಲ್ಲಿ ಮಾತಿರುವುದಿಲ್ಲ, ಅಷ್ಟೇ. ಬಣ್ಣದ ವಿಷಯ ಹೇಳುವ ಯೋಗ್ಯತೆ ಇವರ ಲೆಕ್ಕದಲ್ಲಿ ಒಬ್ಬಳಿಗೇ ಇರುವುದು. ನೀನೇ ಹೇಳು.

ಅತ್ತೆ

*

ಏಪ್ರಿಲ್ ೨

ಮಾವನಿಗೆ,

ನಿಮ್ಮ ಚಿಟ್ಟೆ ಸಿಕ್ಕಿತು. ನೂರಕ್ಕೆ ನೂರು, ಎರಡು ಮಾತಿಲ್ಲ. ಹೇಗೆ ಸಿಕ್ಕಿತು ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ. ನಿಂತು ಓದಬೇಡಿ, ಕೂತುಕೊಳ್ಳಿ.

ಗಾತ್ರ, ಕಪ್ಪು ಮುಂದಿನ ರೆಕ್ಕೆ, ತುದಿಯ ಮಾಸಲು ಪಟ್ಟಿ, ಕಿತ್ತಳೆ ಅಂಚಿನ ಕಣ್ಣು, ಕಾದ ಬರಿನೆಲದ ಮೇಲೆ ರೆಕ್ಕೆ ಹರವಿ ಕೂರುವುದು. ಇವೆಲ್ಲ ಸೇರಿದರೆ ಒಂದೇ ಚಿಟ್ಟೆ: ನೀಲಿ ಪ್ಯಾನ್ಸಿ. ಅದರ ಗಂಡಿಗೆ ಹಿಂದಿನ ರೆಕ್ಕೆ ಕಣ್ಣು ಕೋರೈಸುವ ನೀಲಿ. ಹೆಣ್ಣು ಮಂಕು, ಎಷ್ಟೋ ಸಲ ಕಂದು. ನೀವು ಕಂದು ಅಂದದ್ದಕ್ಕೆ ಹೆಣ್ಣು ಅಂತ ಬರೆದು ಕೈ ತೊಳೆದುಕೊಳ್ಳುವುದರಲ್ಲಿದ್ದೆ. ಆಗ ನಿಮ್ಮ ರೌಡಿಯ ಕಥೆ ಬಂತು. ಒಂದು ಜಾಗ ಹಿಡಿದು, ಬಂದವರನ್ನೆಲ್ಲ ಅಟ್ಟಿ, ಮತ್ತೆ ಅಲ್ಲಿಗೇ ಬಂದು ಕೂರುವುದು ಗಂಡಿನ ಕೆಲಸ. ಹೆಣ್ಣು ಹಾಗೆ ಕಾವಲು ಕಾಯುವುದಿಲ್ಲ. ಹಾಗಾದರೆ ಗಂಡು ಕಂದು ಹೇಗಾಯಿತು? ಇದು ನನ್ನ ತಲೆ ತಿನ್ನುತ್ತಿರುವಾಗ ನಿಮ್ಮ ಚಿತ್ರದ ಪೊಟ್ಟಣ ಬಿಚ್ಚಿದೆ.

ಚಿತ್ರದಲ್ಲಿ ರೆಕ್ಕೆ ನೀಲಿ ಇದೆ, ಮಾವ.

ಮತ್ತೊಮ್ಮೆ ಓದಿ. ಕಂದು ಅಂತ ಕಾಗದದಲ್ಲಿ ಬರೆದು, ಹಲಗೆಯ ಮೇಲೆ ನೀಲಿ ಬರೆದಿದ್ದೀರಿ. ಅದೂ ಎಂಥ ನೀಲಿ! ನಮ್ಮ ಡ್ರಾಯರಿನ ಚಿಟ್ಟೆಯನ್ನು ಪಕ್ಕದಲ್ಲಿಟ್ಟು ನೋಡಿದೆ, ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ. ಚಿಟ್ಟೆಯ ನೀಲಿ ನಿಮಗೆ ಕಂದಾಗಿ ಕಂಡಿತು, ಡಬ್ಬದ ನೀಲಿಯೂ ಕಂದಾಗಿ ಕಂಡಿತು, ಎರಡನ್ನೂ ನಿಮ್ಮ ಕೈ ಸರಿಯಾಗಿ ಹೊಂದಿಸಿತು. ಕೈ ತಪ್ಪಿಲ್ಲ. ಹೊಂದಿಸುವ ಲೆಕ್ಕವೂ ತಪ್ಪಿಲ್ಲ. ಕಣ್ಣಿನೊಳಗೆ ಏನೋ ಅಡ್ಡ ಬಂದಿದೆ.

ನಮ್ಮ ಮ್ಯೂಸಿಯಮ್ಮಿನ ಎದುರಿಗೇ ಕಣ್ಣಾಸ್ಪತ್ರೆ ಇದೆ. ಅಲ್ಲಿನ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಪೊರೆ ಇರಬಹುದು ಅಂದರು. ಹಳೆಯ ಬೋರ್ಡಿನ ಮೇಲಿನ ವಾರ್ನಿಷು ಹಳದಿಗಟ್ಟಿದಾಗ ಕೆಳಗಿನ ನೀಲಿ ಏನಾಗುತ್ತದೆ ಅಂತ ನನಗೆ ತೋರಿಸಿಕೊಟ್ಟವರು ನೀವೇ. ಹಾಗೇ ಇದೂ. ವಾರ್ನಿಷು ಕೆರೆದು ಹೊಸದು ಹಚ್ಚಿದರೆ ಬಣ್ಣ ವಾಪಸು ಬರುತ್ತದೆ. ಇದಕ್ಕೂ ಅಂಥದೇ ಒಂದು ಆಪರೇಷನ್, ಅದೇ ದಿನ ಮನೆಗೆ ಬರಬಹುದಂತೆ.

ಕನ್ನಡಕದ ಅಂಗಡಿಯ ಪರೀಕ್ಷೆ ಲೆಕ್ಕಕ್ಕಿಲ್ಲ. ಪ್ರಶ್ನೆಪತ್ರಿಕೆ ಬರೆದವರೇ ಪರೀಕ್ಷೆಗೆ ಕೂತರೆ ಪಾಸಾಗದೆ ಏನು? ನೀವು ಬರೆಯದ ಹಲಗೆ ಇರುವ ಆಸ್ಪತ್ರೆಗೆ ಹೋಗಿ.

ಇದನ್ನು ಬರೆಯಲು ನನಗೆ ಭಯವಾಗುತ್ತಿದೆ. ನನಗೇ ಬಣ್ಣ ಹೇಳಿಕೊಡುವಷ್ಟು ದೊಡ್ಡವಳಾಗಿಬಿಟ್ಟೆಯಾ ಅಂತ ನೀವು ಕೇಳಬಹುದು. ಕೇಳಿ. ಬೈಯಿರಿ. ಆದರೆ ಈ ಕಣ್ಣಿನಲ್ಲಿ ಆ ಏಣಿ ಹತ್ತಬೇಡಿ. ನನಗೆ ಇರುವುದು ಒಬ್ಬರೇ ಮಾವ, ಗ್ರಂಥಾಲಯಕ್ಕೆ ಗೋಡೆಗಳು ನಾಲ್ಕಿವೆ.

ಚುಕ್ಕಿ

*

ಏಪ್ರಿಲ್ ೨೮

ಚುಕ್ಕಿ,

ಫೋನಿನಲ್ಲಿ ನಿನಗೆ ಬರೀ "ಚೆನ್ನಾಗಿದ್ದಾರೆ" ಅಂತ ಹೇಳಿದ್ದು ಇವರು ಬಾಗಿಲಲ್ಲೇ ನಿಂತಿದ್ದಕ್ಕೆ. ಈಗ ಇದ್ದದ್ದು ಬರೆಯುತ್ತೇನೆ.

ನಿನ್ನ ಕಾಗದ ಓದಿ ಮಡಿಸಿ ಜೇಬಿಗೆ ಹಾಕಿಕೊಂಡವರು ನನ್ನ ಹತ್ತಿರವೂ ಮಾತು ಬಿಟ್ಟರು. ಹಿತ್ತಲಲ್ಲಿ ಎರಡು ಡಬ್ಬ ಮುಂದಿಟ್ಟುಕೊಂಡು ಕೂತಿರುತ್ತಿದ್ದರು. ಯಾರಾದರೂ ಬಂದರೆ, ಹಾಲಿನವಳೋ ಅಂಚೆಯವನೋ, ಬೇರೇನೋ ಮಾತಾಡುತ್ತಾ ನಡುವೆ ಸುಮ್ಮನೆ ಕೇಳಿದಂತೆ ಕೇಳುವುದು: "ಇದು ಯಾವ ಬಣ್ಣ ಅಂತೀರಿ?" ಅವರು ಹೇಳಿದ ಮೇಲೆ ಹೌದು ಹೌದು ಅನ್ನುವುದು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಯಾರನ್ನು ಬೇಕಾದರೂ ಕೇಳಿದರು, ನನ್ನನ್ನು ಬಿಟ್ಟು. ಒಂದು ದಿನ ನಾನೇ ಹೋಗಿ ಎದುರಿಗೆ ಕೂತು, ಎಡಗಡೆಯದು ನೀಲಿ, ಬಲಗಡೆಯದು ಕಂದು ಅಂದೆ. ಎರಡಕ್ಕೂ ಮುಚ್ಚಳ ಹಾಕಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಎಷ್ಟು ದಿನದಿಂದ ಗೊತ್ತು ನಿಂಗೆ?"

ನಾನು ಅತ್ತುಬಿಟ್ಟೆ. ಅವರು ಎದ್ದು ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಂದು, ಆಸ್ಪತ್ರೆಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಕೇಳಿದರು. ಎರಡು ಕಣ್ಣಿಗೂ ಪೊರೆ. ಬಲಗಣ್ಣಿಗೆ ಮೊದಲು, ಎಡಗಣ್ಣಿಗೆ ಆಮೇಲೆ. ಗ್ರಂಥಾಲಯದವರಿಗೆ ತಾವೇ ಹೋಗಿ ಹೇಳಿ ಬಂದಿದ್ದಾರೆ. ಅವರು ಏನಂದರು ಅಂತ ನನಗೂ ಹೇಳಿಲ್ಲ.

ಅತ್ತೆ

*

ಜುಲೈ ೯

ಚುಕ್ಕಿಗೆ,

ಬಲಗಣ್ಣು ಹೊಸದಾಗಿದೆ. ಇಷ್ಟು ದಿನ ಬರೆಯಲಿಲ್ಲ, ಕುಂಚ ಪೆನ್ನು ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದರು ಅಂತ ಬರೆದರೆ ನೀನು ನಂಬುವುದಿಲ್ಲ. ಬರೆಯಲಿಕ್ಕೆ ಮನಸ್ಸು ಬರಲಿಲ್ಲ, ಅಷ್ಟೇ.

ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ನಿನ್ನ ಅತ್ತೆಯ ತಲೆ. ಕೆನೆಯ ಬಣ್ಣ ಅಂದುಕೊಂಡಿದ್ದೆ, ನೋಡಿದರೆ ಸುಣ್ಣದ ಬಿಳಿ. ನಿಂಗೆ ಇಷ್ಟು ಯಾವಾಗ ವಯಸ್ಸಾಯ್ತು ಅಂತ ಕೇಳಿದೆ. ಕನ್ನಡಿ ಅಲ್ಲಿದೆ, ಮೊದಲು ಅದನ್ನ ನೋಡಿ ಬನ್ನಿ ಅಂದಳು. ನೋಡಿ ಬಂದ ಮೇಲೆ ಆ ವಿಷಯ ನಾವಿಬ್ಬರೂ ಎತ್ತಿಲ್ಲ.

ಶೂ ಅಂಗಡಿಯವನ ಬೋರ್ಡನ್ನು ಬಿಸಿಲಿಗೆ ಹಿಡಿದು ನೋಡಿದೆ. ನೀಲಿ. ಹಾಗೇ ಅದನ್ನು ಹೊತ್ತುಕೊಂಡು ಅವನ ಅಂಗಡಿಗೆ ಹೋಗಿ, ಗಿರಾಕಿಗಳ ಮುಂದೆಯೇ ಹೇಳಿದೆ: "ನೀನು ಹೇಳಿದ್ದೇ ಸರಿ." ಅವನಿಗೆ ಗೆದ್ದ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. ಈಗ ಹೊಸದು ಬರೆದುಕೊಟ್ಟಿದ್ದೇನೆ, ಚರ್ಮದ ಬಣ್ಣದಲ್ಲೇ. ಗ್ರಂಥಾಲಯದವರು ಎಡಗಣ್ಣು ಆಗುವವರೆಗೆ ಕಾಯುತ್ತಾರಂತೆ. ಪುಸ್ತಕ ಜೋಡಿಸುವುದೇ ಇನ್ನೂ ಮುಗಿದಿಲ್ಲ, ನಿಮ್ಮಿಂದ ತಡವೇನಿಲ್ಲ ಅಂದರು. ಆ ಗೋಡೆಗೆ ಅವರು ಕೇಳಿರುವ ಬಣ್ಣ ಯಾವುದು ಅಂತ ನಿನಗೆ ಹೇಳಿರಲಿಲ್ಲ. ನೀಲಿ. ಆಳುದ್ದದ ಅಕ್ಷರಗಳನ್ನು ಊರ ನಡುವೆ ಕಂದು ಬರೆದು ಇಳಿದು ಬರುತ್ತಿದ್ದೆನಲ್ಲ!

ನೀನು ಇಷ್ಟೆಲ್ಲ ಪ್ರಶ್ನೆ ಕೇಳಿದೆ, ಒಂದನ್ನು ಮಾತ್ರ ಕೇಳಲಿಲ್ಲ. ಚಿಟ್ಟೆ ಕಂಡರೆ ತಿರುಗಿಯೂ ನೋಡದ ಮಾವ ಇದೊಂದರ ಬಗ್ಗೆ ಯಾಕೆ ಕಾಗದ ಬರೆದ ಅಂತ. ನಿನಗೆ ಹೊಳೆಯಲಿಲ್ಲವೋ, ಹೊಳೆದೂ ಕೇಳದೆ ಬಿಟ್ಟೆಯೋ. ಆ ಕಲ್ಲಿನ ಪಕ್ಕ ವರ್ಷ ವರ್ಷವೂ ನೀಲಿ ಚಿಟ್ಟೆ ಬಂದು ಕೂರುತ್ತಿತ್ತು. ಇದೇ ಗಾತ್ರ, ಇದೇ ರೌಡಿತನ. ಈ ವರ್ಷ ಕಂದು ಬಂತು. ಅದು ಬೇರೆ ಚಿಟ್ಟೆ ಅಂತ ಯಾರಾದರೂ ಹೇಳಿದರೆ ನನ್ನ ಕಣ್ಣು ಸರಿ ಇದೆ ಅಂತ ಅರ್ಥ. ಆ ಒಂದು ಸಾಲಿಗೆ ನಿನ್ನನ್ನು ಕೇಳಿದ್ದು. ಬೇರೆ ಯಾರನ್ನು ಕೇಳಿದ್ದರೂ ನನ್ನ ಮುಖ ನೋಡಿ ಬರೆದುಕೊಡುತ್ತಿದ್ದರು.

ಮೊನ್ನೆ ಅದು ಮತ್ತೆ ಬಂತು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ, ಕಂದು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದೆ, ನೀಲಿ. ನಿನ್ನ ಅತ್ತೆ ಕಿಟಕಿಯಿಂದ ನೋಡಿ, ಚಿಟ್ಟೆಗೆ ಕಣ್ಣು ಹೊಡೀತಾ ಕೂತಿದ್ದೀರಾ ಅಂದಳು. ಹೌದು ಅಂದೆ. ಮುಂದಿನ ತಿಂಗಳು ಎಡಗಣ್ಣೂ ಹೊಸದಾದರೆ ಆ ಕಂದು ಮತ್ತೆ ನನಗೆ ಕಾಣುವುದಿಲ್ಲ. ಅದಕ್ಕೆ ಮೊದಲು ಅದನ್ನು ಹಿಡಿದಿಡಬೇಕು ಅನ್ನಿಸಿತು. ಎಡಗಣ್ಣಲ್ಲಿ ನೋಡುವುದು, ಬಲಗಣ್ಣಲ್ಲಿ ಬಣ್ಣ ಕಲೆಸುವುದು, ಹೀಗೆ ಬರೆದ ಚಿತ್ರ ಇದರ ಜೊತೆಗಿದೆ. ಎಡಗಡೆ ಎಡಗಣ್ಣಿನ ರೆಕ್ಕೆ, ಬಲಗಡೆ ಬಲಗಣ್ಣಿನದು.

ಬಲಗಡೆಯದು ನಿನ್ನ ಡ್ರಾಯರಿನಲ್ಲಿ ಇದೆ, ಒಪ್ಪಿದೆ. ಎಡಗಡೆಯದು ಕಾವಿ ಮೂರು ಪಾಲು, ಕಪ್ಪು ಒಂದು ಪಾಲು, ಮೇಲೆ ಒಂದು ತೊಟ್ಟು ಹಳದಿ. ಒಂಥರಾ ಅಲ್ಲ. ಅದು ಯಾವ ಡ್ರಾಯರಿನಲ್ಲೂ ಇಲ್ಲ, ಯಾವ ಪುಸ್ತಕದಲ್ಲೂ ಇಲ್ಲ, ಅದನ್ನು ನೋಡಿದವನು ನಾನೊಬ್ಬನೇ. ಈಗಲಾದರೂ ಹೊಸದು ಅಂತ ಒಂದು ಸಾಲು ಬರೆದು ಕಳಿಸು.

ನಿನ್ನ ಮಾವ